ಗುಂಡಿಯಕ್ಕನ ಮಾರದಿರುವ ಸನ್ನದು

ಮದ್ಯ ಮಾರುವವರು ಸನ್ನದು ಪಡೆಯತಕ್ಕದ್ದು ಎಂಬುದು ಬಹಳ ಹಳೆಯ ಕಾನೂನು. ಮದ್ಯ ಮಾರದವರು ಏನು ಮಾಡತಕ್ಕದ್ದು ಎಂಬ ಬಗ್ಗೆ ಆ ಕಾನೂನು ಒಂದಕ್ಷರವನ್ನೂ ಹೇಳಿರಲಿಲ್ಲ. ಇದೊಂದು ಗಂಭೀರ ಲೋಪವೆಂಬುದು ಅಬಕಾರಿ ಇಲಾಖೆಯ ಗಮನಕ್ಕೆ ಬಂದದ್ದು ಹೋದ ವರ್ಷ. ಮಾರುವವರು ಎಲ್ಲೆಲ್ಲಿದ್ದಾರೆ, ಎಷ್ಟು ಮಾರುತ್ತಾರೆ, ಯಾವಾಗ ಬಾಗಿಲು ಹಾಕುತ್ತಾರೆ ಎಂಬುದೆಲ್ಲ ಇಲಾಖೆಗೆ ಗೊತ್ತಿತ್ತು. ಆದರೆ ಅವರಿಗಿಂತ ಎಷ್ಟೋ ಪಟ್ಟು ಹೆಚ್ಚಿದ್ದ ಮಾರದವರು ಯಾರ ಅಪ್ಪಣೆಯೂ ಇಲ್ಲದೆ, ಯಾವ ಶುಲ್ಕವನ್ನೂ ಕಟ್ಟದೆ, ಹಾಡಹಗಲೇ ರಾಜಾರೋಷವಾಗಿ ಮದ್ಯ ಮಾರದೆ ಕೂತಿದ್ದರು. ಇಲಾಖೆ ಎಷ್ಟು ದಿನವೆಂದು ನೋಡಿಕೊಂಡಿರಬೇಕು? ಮದ್ಯ ಮಾರಾಟ ಮತ್ತು ಮಾರದಿರುವಿಕೆ ತಿದ್ದುಪಡಿ ಅಧಿನಿಯಮ ಜಾರಿಗೆ ಬಂತು. ಅದರ ಪ್ರಕಾರ ಬಾಗಿಲು, ಗಲ್ಲಾಪೆಟ್ಟಿಗೆ ಇರುವ ಪ್ರತಿಯೊಂದು ಅಂಗಡಿಯೂ ಒಂದೋ ಮಾರುವ ಸನ್ನದು, ಇಲ್ಲವೇ ಮಾರದಿರುವ ಸನ್ನದು, ಎರಡರಲ್ಲೊಂದನ್ನು ಗೋಡೆಗೆ ತೂಗುಹಾಕಬೇಕು.

ಗುಂಡಿಯಕ್ಕನಿಗೆ ಇದ್ಯಾವುದೂ ತಿಳಿದಿರಲಿಲ್ಲ. ಆಕೆಯದು ಹೊಲಿಗೆ ಸಾಮಾನಿನ ಸಣ್ಣ ಅಂಗಡಿ. ದಾರ, ಹುಕ್ಕು, ಜಿಪ್ಪು, ಎಲಾಸ್ಟಿಕ್ಕು ಎಲ್ಲವೂ ಇದ್ದರೂ ಆ ಬೀದಿಯಲ್ಲಿ ಆಕೆಯ ಹೆಸರು ನಿಂತದ್ದು ಗುಂಡಿಗಳಿಂದ. ಗೋಡೆಯುದ್ದಕ್ಕೂ ಪುಟ್ಟ ಪುಟ್ಟ ರಟ್ಟಿನ ಡಬ್ಬಿಗಳು. ಒಳಗೆ ಏನಿದೆಯೆಂದು ಗೊತ್ತಾಗಲೆಂದು ಪ್ರತಿ ಡಬ್ಬಿಯ ಮುಖಕ್ಕೂ ಒಂದೊಂದು ಗುಂಡಿ ಹೊಲಿದಿತ್ತು. ಅಂಗಿ ತಂದು ತೋರಿಸಿದರೆ ಸಾಕು, ಕಳೆದುಹೋದ ಗುಂಡಿಯ ಒಡಹುಟ್ಟನ್ನು ಆಕೆ ಕಣ್ಣು ಮುಚ್ಚಿ ತೆಗೆದುಕೊಡುತ್ತಿದ್ದಳು. ಅಂಗಡಿಯ ಹಿಂಭಾಗದಲ್ಲಿ ಗಂಡ ಹೊಲಿಗೆ ಮೆಷಿನ್ ಹಾಕಿಕೊಂಡು ಪ್ಯಾಂಟಿನ ಕಾಲು ಗಿಡ್ಡ ಮಾಡುತ್ತ, ಹಿಡಿದ ಸೊಂಟ ಬಿಡಿಸುತ್ತ ಕೂರುತ್ತಿದ್ದ. ಎಲ್ಲರೂ ಅವನನ್ನು ಟೈಲರಣ್ಣ ಎನ್ನುತ್ತಿದ್ದರು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಸಂಜೆ ಬೀದಿದೀಪ ಹೊತ್ತಿಕೊಂಡ ಕೂಡಲೆ, ದಾರ ಕಾಣುತ್ತಿಲ್ಲ ಎಂದು ಹೇಳಿ ಎದ್ದು, ರಸ್ತೆ ದಾಟಿ ಎದುರಿನ ಬಾರಿಗೆ ಹೋಗುತ್ತಿದ್ದ. ವಾಪಸು ಬಂದವನು ಗಲಾಟೆ ಮಾಡುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಊಟ ಮಾಡದೆ ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದ. ಜಗಳಕ್ಕೆ ಹಿಡಿತವೇ ಸಿಗುತ್ತಿರಲಿಲ್ಲ. ಗುಂಡಿಯಕ್ಕ ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಕುಕ್ಕಿ ಇಟ್ಟು ಸಮಾಧಾನ ಮಾಡಿಕೊಳ್ಳುತ್ತಿದ್ದಳು.

ಇಲಾಖೆಯ ಕಣ್ಣು ಅವಳ ಅಂಗಡಿಯ ಮೇಲೆ ಬೀಳಲು ಕಾರಣ ಬಾಗಿಲ ಮೇಲಿನ ಬೋರ್ಡು. ಅದರಲ್ಲಿ, 'ಇಲ್ಲಿ ಗುಂಡಿ ಹಾಕಿ ಕೊಡಲಾಗುವುದು. ಒಳ್ಳೆ ಎಣ್ಣೆ ಸಿಗುತ್ತದೆ' ಎಂದು ಬರೆದಿತ್ತು. ಎಣ್ಣೆ ಎಂದರೆ ಹೊಲಿಗೆ ಮೆಷಿನ್‌ಗೆ ಬಿಡುವ ಎಣ್ಣೆ. ಆದರೆ ಎಣ್ಣೆ ಎಂಬ ಮಾತನ್ನು ಇಲಾಖೆಯವರು ಬೇರೆ ಅರ್ಥದಲ್ಲಿ ಕೇಳಿ ಅಭ್ಯಾಸವಾದವರು. ಒಂದು ಬೆಳಿಗ್ಗೆ ಅಬಕಾರಿ ಇನ್ಸ್‌ಪೆಕ್ಟರ್ ಬಂದು ಬೋರ್ಡಿನ ಕೆಳಗೆ ನಿಂತು ಅದನ್ನು ಮೆಲ್ಲಗೊಮ್ಮೆ, ಗಟ್ಟಿಯಾಗೊಮ್ಮೆ ಓದಿದರು. ತೆಳ್ಳಗಿನ ಮನುಷ್ಯ, ಸೌಮ್ಯ ಸ್ವಭಾವ, ಮನೆಯಲ್ಲಿ ಉಪ್ಪು ಕೇಳಬೇಕಾದರೂ 'ಮೇಲ್ಕಂಡ ಉಪ್ಪು' ಎನ್ನುವಷ್ಟು ಕಚೇರಿ ಹಚ್ಚಿಕೊಂಡವರು. ಗುಂಡು ಹಾಕುವುದು ತಮಗೆ ಗೊತ್ತು, ಗುಂಡಿ ಹಾಕುವುದೆಂದರೆ ಚಿಕ್ಕ ಪ್ರಮಾಣದಲ್ಲಿ ಗುಂಡು ಹಾಕುವುದೇ ಎಂದು ವಿಚಾರಿಸಿದರು. ಗುಂಡಿಯಕ್ಕ ಒಂದು ಡಬ್ಬಿಯನ್ನು ಮುಂದೆ ತಳ್ಳಿದಳು. ಅವರು ಒಂದು ಗುಂಡಿ ತೆಗೆದು ಬೆಳಕಿಗೆ ಹಿಡಿದು, ಅದರ ನಾಲ್ಕು ತೂತುಗಳ ಮೂಲಕ ನೋಡಿ, ಸದ್ಯಕ್ಕೆ ಅನುಮಾನವಿಲ್ಲವೆಂದರು. ಆಮೇಲೆ ಎಣ್ಣೆಯ ಶೀಸೆಯೊಳಗೆ ಬೆರಳದ್ದಿ ನಾಲಿಗೆಗೆ ಇಟ್ಟುಕೊಂಡರು. ಕರ್ತವ್ಯದಲ್ಲಿದ್ದ ಕಾರಣ ಮುಖ ಕಿವುಚಲಿಲ್ಲ. ನೀರು ಕೇಳಿ ಕುಡಿದರು.

"ಹಾಗಾದ್ರೆ ನೀವು ಮದ್ಯ ಮಾರ್ತಾ ಇಲ್ಲ," ಎಂದರು.

"ಇಲ್ಲ ಸಾರ್."

"ಎಷ್ಟು ದಿನದಿಂದ?"

"ಅಂಗಡಿ ಇಟ್ಟಾಗಿನಿಂದ."

ಇನ್ಸ್‌ಪೆಕ್ಟರು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. "ಯಾರಿಗೂ ಹೇಳದೆ?"

ಗುಂಡಿಯಕ್ಕ ಗಲ್ಲಾಪೆಟ್ಟಿಗೆಯ ಮೇಲೆ ಕೈ ಇಟ್ಟಳು. ಮದುವೆಯಲ್ಲಿ ಬಂದ ಬಳೆ ಮಾರಿ ಹಾಕಿದ ಅಂಗಡಿ ಅದು. ಸನ್ನದಿಲ್ಲದೆ ಇಷ್ಟು ಕಾಲ ಮದ್ಯ ಮಾರದೆ ಇದ್ದದ್ದಕ್ಕೆ ಅಂಗಡಿಗೆ ಬೀಗ ಹಾಕಿ ಅರಗಿನ ಮುದ್ರೆ ಒತ್ತಬಹುದೆಂದು ಇನ್ಸ್‌ಪೆಕ್ಟರು ಬಹಳ ಸಂಕೋಚದಿಂದ ತಿಳಿಸಿದರು. ಆದರೆ ಕಾನೂನು ಕರುಣೆಯಿಲ್ಲದ್ದಲ್ಲ. ಈಗಲೂ ಅರ್ಜಿ ಹಾಕಬಹುದು. ತಮ್ಮ ಸ್ವಂತ ಅಭಿಪ್ರಾಯ ಕೇಳಿದರೆ ಮಾರುವ ಸನ್ನದನ್ನೇ ತೆಗೆದುಕೊಳ್ಳುವುದು ಮೇಲು, ಅದು ಬೇಗ ಸಿಗುತ್ತದೆ, ಷರತ್ತುಗಳೂ ಕಡಿಮೆ, ಮಾರದಿರುವುದು ಮೊದಲಿನಿಂದಲೂ ಕಷ್ಟದ ಕೆಲಸ ಎಂದರು. ಗುಂಡಿಯಕ್ಕ ಎದುರಿನ ಬಾರಿನ ಕಡೆ ಒಮ್ಮೆ ನೋಡಿದಳು, ಹಿಂದೆ ಬಗ್ಗಿ ಕೂತಿದ್ದ ಗಂಡನ ಬೆನ್ನಿನ ಕಡೆ ಒಮ್ಮೆ ನೋಡಿದಳು, ತಾನು ಮಾರುವುದಿಲ್ಲ ಎಂದಳು.

ಮರುದಿನ ಗಂಡಹೆಂಡಿರಿಬ್ಬರೂ ಅಬಕಾರಿ ಕಚೇರಿಗೆ ಹೋದರು. ಕಿಟಕಿಯ ಆಚೆ ಕೂತಿದ್ದ ಗುಮಾಸ್ತೆ ಅರ್ಜಿಯನ್ನು ಓದಿ, ಇದರಲ್ಲಿ ಯಾವ ಯಾವ ಮದ್ಯವನ್ನು ಮಾರದಿರಲು ಇಚ್ಛಿಸುತ್ತೀರಿ ಎಂಬ ವಿವರವಿಲ್ಲ ಎಂದಳು. ಯಾವುದನ್ನೂ ಮಾರುವುದಿಲ್ಲ ಎಂದಳು ಗುಂಡಿಯಕ್ಕ. ಸಾರಾಸಗಟಾಗಿ ಮಾರದಿರುವ ಅವಕಾಶ ದೊಡ್ಡ ಕಂಪನಿಗಳಿಗೆ ಮಾತ್ರ, ಸಣ್ಣ ಅಂಗಡಿಯವರು ಒಂದೊಂದನ್ನೂ ಬಿಡಿಬಿಡಿಯಾಗಿ ಹೇಳಬೇಕು, ಹೇಳದೆ ಬಿಟ್ಟದ್ದನ್ನು ಮಾರಲೇಬೇಕಾಗುತ್ತದೆ ಎಂದು ಗುಮಾಸ್ತೆ ನಿಯಮ ತಿಳಿಸಿದಳು. ಗುಂಡಿಯಕ್ಕ ಗಂಡನ ಕಡೆ ತಿರುಗಿದಳು. ಬ್ರಾಂದಿ ಎಂಬ ಒಂದು ಹೆಸರು ಬಿಟ್ಟರೆ ಅವಳಿಗೆ ಬೇರೇನೂ ಗೊತ್ತಿರಲಿಲ್ಲ.

ಆಗ ಟೈಲರಣ್ಣ ಗಂಟಲು ಸರಿಮಾಡಿಕೊಂಡು ಮುಂದೆ ಬಂದ. ರಮ್ಮಿನಿಂದ ಶುರುಮಾಡಿದ. ಕಪ್ಪು ರಮ್ಮು, ಬಿಳಿ ರಮ್ಮು, ಚೀಟಿಯ ಮೇಲೆ ಕುದುರೆ ಇರುವುದು, ಹಡಗು ಇರುವುದು, ಮೀಸೆಯವನ ಚಿತ್ರ ಇರುವುದು. ಅಲ್ಲಿಂದ ವಿಸ್ಕಿಗೆ ಹೋದ. ವಿಸ್ಕಿಯಲ್ಲಿ ಮರದ ಪೀಪಾಯಿಯಲ್ಲಿಟ್ಟದ್ದು, ಇಟ್ಟಿದ್ದೇವೆಂದು ಸುಳ್ಳು ಹೇಳುವುದು, ನೋಡಲು ಚೆನ್ನಾಗಿದ್ದು ಬೆಳಿಗ್ಗೆ ತಲೆ ಹಿಡಿಯುವುದು, ನೋಡಲು ಕೆಟ್ಟದಾಗಿದ್ದೂ ತಲೆ ಹಿಡಿಯದ್ದು. ಜಿನ್ನಿನ ಬಗ್ಗೆ ತನಗೆ ಹೆಚ್ಚು ತಿಳಿಯದೆಂದು ವಿನಯದಿಂದ ಹೇಳಿ ಅದರಲ್ಲೂ ಕೆಲವನ್ನು ಹೆಸರಿಸಿದ. ಗುಮಾಸ್ತೆ ಕೈ ನೋಯುವಷ್ಟು ಬರೆದುಕೊಂಡಳು. ಪಕ್ಕದ ಕಿಟಕಿಗಳವರೂ ಕೆಲಸ ಬಿಟ್ಟು ಕೇಳಿದರು. ಗುಂಡಿಯಕ್ಕ ಮಾತ್ರ ಗಂಡನ ಮುಖವನ್ನೇ ನೋಡುತ್ತಿದ್ದಳು. ಮನೆಯಲ್ಲಿ ಏನು ಕೇಳಿದರೂ ಹೂಂ ಎನ್ನುವ ಮನುಷ್ಯ ಇಷ್ಟು ಹೊತ್ತು, ಇಷ್ಟು ಬಣ್ಣ ಕಟ್ಟಿ ಮಾತಾಡಬಲ್ಲನೆಂಬುದು ಅವಳಿಗೆ ಅಂದೇ ಗೊತ್ತಾದದ್ದು. ಅವಳಿಗೆ ಸಿಟ್ಟೂ ಬಂತು, ಒಂದು ಬಗೆಯ ಹೆಮ್ಮೆಯೂ ಆಯಿತು; ಯಾವುದನ್ನು ಮೊದಲು ತೋರಿಸಬೇಕೆಂದು ತೋಚಲಿಲ್ಲ.

ಸನ್ನದು ಬಂತು, ಷರತ್ತುಗಳ ಸಮೇತ ಬಂತು. ಮೊದಲನೆಯ ಷರತ್ತು ದಾಸ್ತಾನಿನದು. ಅಂಗಡಿಯಲ್ಲಿ ಮದ್ಯವೇ ಇಲ್ಲದಿದ್ದರೆ ಅದನ್ನು ಮಾರುತ್ತಿಲ್ಲವೆಂದು ಇಲಾಖೆ ಪರಿಶೀಲಿಸುವುದು ಹೇಗೆ? ಆದಕಾರಣ ಮಾರದಿರುವ ಸನ್ನದುದಾರರು ತಾವು ಮಾರದ ಪ್ರತಿಯೊಂದು ಮದ್ಯವನ್ನೂ ತಂದು ಇಟ್ಟುಕೊಳ್ಳತಕ್ಕದ್ದು. ಬೀರುವಿನಲ್ಲಿ ಬಚ್ಚಿಟ್ಟರೆ ಅದು ಅಕ್ರಮ ಸಂಗ್ರಹವಾಗುತ್ತದೆ. ಗಿರಾಕಿಯ ಕಣ್ಣಿಗೆ ನೇರವಾಗಿ ಬೀಳುವಂತೆ, ಒಳ್ಳೆಯ ಬೆಳಕಿನಲ್ಲಿ, ಅಂದವಾಗಿ ಜೋಡಿಸಿರತಕ್ಕದ್ದು.

ದಾಸ್ತಾನು ಎದುರಿನ ಬಾರಿನಿಂದಲೇ ಬಂತು. ಬಾರಿನ ಮಾಲೀಕನನ್ನು ಬೀದಿಯವರು ಸೋಡಾ ಸಾಹುಕಾರ ಎನ್ನುತ್ತಿದ್ದರು. ಬಾರಿಟ್ಟೂ ಸೋಡಾ ಬಿಟ್ಟು ಬೇರೇನೂ ಬಾಯಿಗೆ ಹಾಕದ ಮನುಷ್ಯ. ಅಕ್ಕನ ಅಂಗಡಿಯೆಂದು ತಾನೇ ನಿಂತು ಬಾಟಲಿಗಳನ್ನು ಒರೆಸಿ ಕಳಿಸಿದ. ಅವುಗಳಿಗೆ ಜಾಗ ಬೇಕಲ್ಲ, ಗುಂಡಿ ಡಬ್ಬಿಗಳು ಗೋಡೆಯಿಂದ ಇಳಿದವು. ಮುತ್ತಿನ ಚಿಪ್ಪಿನವು, ಮರದವು, ಕೋಟಿನ ಹಿತ್ತಾಳೆಯವು ಎಲ್ಲವೂ ಮೇಜಿನ ಕೆಳಗೆ ರಟ್ಟಿನ ಪೆಟ್ಟಿಗೆ ಸೇರಿದವು. ಗುಂಡಿಯಕ್ಕ ಕೆಳಗೆ ಕೂತು ಕೈಯಾಡಿಸಿ ಹುಡುಕುವಷ್ಟರಲ್ಲಿ ಗಿರಾಕಿಗಳು ಬಾಟಲಿಗಳ ಕಡೆ ನೋಡಿ ಮುಸಿಮುಸಿ ನಗುತ್ತಿದ್ದರು. ಮರ್ಯಾದಸ್ಥ ಹೆಂಗಸರು ಕೆಲವರು ಬಾಗಿಲವರೆಗೆ ಬಂದು ಸೆರಗು ಸರಿಮಾಡಿಕೊಂಡು ವಾಪಸು ಹೋದರು.

ಆಮೇಲೆ ಇನ್ಸ್‌ಪೆಕ್ಟರು ತಪಾಸಣೆಗೆ ಬಂದರು. ಬಾಟಲಿಗಳನ್ನೆಲ್ಲ ನೋಡಿ ತೃಪ್ತಿಪಟ್ಟು, ಈವರೆಗೆ ಯಾರಿಗೆಲ್ಲ ಮಾರಲಿಲ್ಲ ಎಂದು ಕೇಳಿದರು. ಯಾರೂ ಕೇಳಿಕೊಂಡು ಬರಲಿಲ್ಲ ಎಂದಳು ಗುಂಡಿಯಕ್ಕ. ಇನ್ಸ್‌ಪೆಕ್ಟರ ಮುಖ ಸಣ್ಣಗಾಯಿತು.

"ನೋಡಿಯಮ್ಮ, ಒಬ್ಬರು ಕೇಳಬೇಕು, ನೀವು ಕೊಡಬಾರದು. ಆಗ ಅದು ಮಾರದಿರುವುದು. ಯಾರೂ ಕೇಳದೇ ಇದ್ದಾಗ ಕೊಡದೇ ಇದ್ರೆ ಅದು ಬರೀ ಸುಮ್ಮನೆ ಕೂತಿರುವುದು. ಸುಮ್ಮನೆ ಕೂರೋದಕ್ಕೆ ಇಲಾಖೆ ಸನ್ನದು ಕೊಟ್ಟಿಲ್ಲ."

ಮುಂದಿನ ತಪಾಸಣೆಯೊಳಗೆ ಒಂದಾದರೂ ಸರಿಯಾದ ನಿರಾಕರಣೆ ಆಗದಿದ್ದರೆ ಸನ್ನದು ರದ್ದಾಗುವುದು, ಅಂಗಡಿಗೆ ಬೀಗ ಬೀಳುವುದು ಎಂದು ಅವರು ಹೇಳಿ ಹೊರಟರು. ಹೊರಡುವಾಗ ಮನಸ್ಸು ತಡೆಯದೆ, ತಾವು ಪಕ್ಕದ ಬೀದಿ ಮುಗಿಸಿಕೊಂಡು ಸಂಜೆ ಇದೇ ದಾರಿಯಲ್ಲಿ ಬರುವುದಾಗಿಯೂ, ಅಷ್ಟರಲ್ಲಿ ಯಾರಾದರೂ ಕೇಳಿದರೆ ತಾವೇ ಸಾಕ್ಷಿ ನಿಲ್ಲುವುದಾಗಿಯೂ ತಿಳಿಸಿದರು.

ಗುಂಡಿಯಕ್ಕ ತಲೆಯ ಮೇಲೆ ಕೈ ಹೊತ್ತು ಕೂತಳು. ಬೀದಿಯಲ್ಲಿ ಯಾರನ್ನು ಹೋಗಿ, ಬಂದು ನನ್ನ ಹತ್ತಿರ ಮದ್ಯ ಕೇಳಿ ಎನ್ನುವುದು? ಸಂಜೆಯಾಯಿತು, ಬೀದಿದೀಪ ಹೊತ್ತಿಕೊಂಡಿತು, ಇನ್ಸ್‌ಪೆಕ್ಟರು ಬಂದು ಬಾಗಿಲಲ್ಲಿ ನಿಂತರು. ಟೈಲರಣ್ಣ ಎಂದಿನಂತೆ ಎದ್ದ, ಚಪ್ಪಲಿ ಮೆಟ್ಟಿದ, ಹೊರಗೆ ಹೋದ. ಆದರೆ ರಸ್ತೆ ದಾಟಲಿಲ್ಲ. ಒಂದು ಸುತ್ತು ತಿರುಗಿ ಗಿರಾಕಿಗಳು ನಿಲ್ಲುವ ಜಾಗಕ್ಕೆ ಬಂದು ಮೇಜಿನ ಮೇಲೆ ಕೈಯೂರಿದ.

"ಒಂದು ಕ್ವಾರ್ಟರ್ ಕೊಡಿ," ಎಂದ.

ಹೆಂಡತಿಗೆ ಅವನು ಬಹುವಚನ ಹಚ್ಚಿದ್ದು ಅದೇ ಮೊದಲು. ಗುಂಡಿಯಕ್ಕ ಗಾಬರಿಯಿಂದ, ಇಲ್ಲ ಎಂದಳು.

ಇಷ್ಟು ಸಾಲದು, ನಿರಾಕರಣೆ ಗಿರಾಕಿಗೆ ಮನದಟ್ಟಾಗುವಂತೆ ಇರತಕ್ಕದ್ದೆಂದು ಉಪನಿಯಮವಿದೆ ಎಂದು ಇನ್ಸ್‌ಪೆಕ್ಟರು ಬಾಗಿಲಿನಿಂದ ಪಿಸುಗುಟ್ಟಿದರು. ಗುಂಡಿಯಕ್ಕ ಗಂಡನನ್ನು ನೋಡಿದಳು. ಎಷ್ಟೋ ವರ್ಷಗಳಿಂದ ಪಾತ್ರೆಗಳಿಗೆ ಮಾತ್ರ ಹೇಳಿದ್ದ ಮಾತು ಗಂಟಲಿಗೆ ಬಂತು.

"ಕೊಡಲ್ಲ," ಎಂದಳು. "ದಿನಾ ಇಬ್ಬರಿಗೆ ಅಂತ ಅಡುಗೆ ಮಾಡ್ತೀನಿ. ಒಬ್ಬಳೇ ಕೂತು ತಿಂತೀನಿ. ಮಿಕ್ಕಿದ್ದನ್ನ ಬೆಳಿಗ್ಗೆ ಮತ್ತೆ ನಾನೇ ತಿಂತೀನಿ. ಗೋಡೆ ಕಡೆ ತಿರುಗಿ ಮಲಗಿರೋ ಬೆನ್ನು ನೋಡಿ ನೋಡಿ ನಿಮ್ಮ ಮುಖ ಹೇಗಿದೆ ಅಂತಾನೇ ಮರೆತು ಹೋಗಿತ್ತು. ಅವತ್ತು ಆ ಕಚೇರಿಯಲ್ಲಿ ನೋಡಿದೆ. ಕೊಡಲ್ಲ, ಹೋಗಿ."

ಇನ್ಸ್‌ಪೆಕ್ಟರು ಕನ್ನಡಕ ತೆಗೆದು ಒರೆಸಿಕೊಂಡು, 'ನಿರಾಕರಣೆ ತೃಪ್ತಿಕರ' ಎಂದು ಷರಾ ಬರೆದರು. ನಿಯಮದಂತೆ ಗಿರಾಕಿಗೆ ನಿರಾಕರಣೆ ಚೀಟಿ ಕೊಡಿಸಿದರು. ಟೈಲರಣ್ಣ ಚೀಟಿಯನ್ನು ಮಡಚಿ ಜೇಬಿಗಿಟ್ಟ. ಬಾರಿಗೆ ಹೋಗಬಹುದಿತ್ತು, ಯಾರೂ ತಡೆದಿರಲಿಲ್ಲ. ಅವನು ಒಳಗೆ ಬಂದು ಮೆಷಿನ್ ಮುಂದೆ ಕೂತು, ಒಂದು ಪ್ಯಾಂಟಿನ ಕಾಲು ಬಿಚ್ಚಿ, ಮತ್ತೆ ಹೊಲಿದ. ಆ ದಿನ ಇಬ್ಬರ ಅಡುಗೆಯನ್ನು ಇಬ್ಬರು ತಿಂದರು.

ಮರುದಿನ ಸಂಜೆಯೂ ಅವನು ಬಂದು ಕೇಳಿದ. ಇಲಾಖೆಗಾಗಿ ಕೇಳುತ್ತಿದ್ದೇನೆ ಎಂದ. ಇಲಾಖೆಗಾಗಿಯೇ ಅವಳೂ ನಿರಾಕರಿಸಿದಳು, ಇನ್ನೂ ವಿವರವಾಗಿ.

ಸುದ್ದಿ ಬೀದಿಯಲ್ಲಿ ಹರಡಿತು. ಮೊದಲು ಬಂದವನು ಬ್ಯಾಂಕಿನ ಕಾವಲುಗಾರ, ತಮಾಷೆಗೆಂದು ಬಂದ. ಹೋಗುವಾಗ ಮೂಗು ಒರೆಸಿಕೊಂಡು ಹೋದ. ಆಮೇಲೆ ಒಬ್ಬಾಕೆ ತನ್ನ ಗಂಡನನ್ನು ತೋಳು ಹಿಡಿದು ಎಳೆದುಕೊಂಡೇ ಬಂದಳು. ಎಲ್ಲರಿಗೂ ಒಂದೇ ನಿರಾಕರಣೆ ಹೊಂದುವುದಿಲ್ಲವೆಂದು ಗುಂಡಿಯಕ್ಕನಿಗೆ ಬೇಗ ತಿಳಿಯಿತು. ಟೈಲರನ ಹೆಂಡತಿಯಲ್ಲವೇ, ಮೊದಲು ಗಿರಾಕಿಯ ಮನೆಯವರನ್ನು ಪಕ್ಕಕ್ಕೆ ಕರೆದು ಅಳತೆ ತೆಗೆದುಕೊಳ್ಳುವಳು: ಸಂಬಳದ ದಿನ ಎಲ್ಲಿದ್ದ, ಮಗಳ ಶಾಲೆಯ ನಾಟಕಕ್ಕೆ ಬಂದನೋ ಇಲ್ಲವೋ, ತಾಯಿಗೆ ಕೊನೆಯ ಸಲ ಯಾವಾಗ ಫೋನು ಮಾಡಿದ. ಆಮೇಲೆ ಮೈಗೆ ಕೂರುವಂತೆ ನಿರಾಕರಿಸುವಳು. ಕೆಲವರಿಗೆ ಬಿಗಿಯಾಗಿ, ಕೆಲವರಿಗೆ ಸ್ವಲ್ಪ ಸಡಿಲ ಬಿಟ್ಟು. ಬೇರೆ ಬಡಾವಣೆಗಳಿಂದಲೂ ಜನ ಬರತೊಡಗಿದರು. ಬಾರಿನಲ್ಲಿ ಕುಡಿದರೆ ಮನೆಗೆ ಹೋಗಿ ಬೈಸಿಕೊಳ್ಳಬೇಕು, ಇಲ್ಲಿ ಎರಡೂ ಒಂದೇ ಕಡೆ ಮುಗಿಯುತ್ತದೆ, ಅದೂ ಕುಡಿಯದೆ ಎಂದು ಹೊಗಳಿದರು.

ಇದರ ಪರಿಣಾಮ ಅಬಕಾರಿ ಇಲಾಖೆಯ ಮೇಲಾಯಿತು. ಮದ್ಯದ ಮಾರಾಟ ಇಳಿದು ಸುಂಕ ಕಡಿಮೆಯಾಯಿತು. ತಿದ್ದುಪಡಿಯ ಉದ್ದೇಶ ಜನ ಕುಡಿಯುವುದನ್ನು ಬಿಡಿಸುವುದಾಗಿರಲಿಲ್ಲವೆಂದೂ, ಹಾಗಾಗಿದ್ದರೆ ಅದು ಕೇವಲ ಆಕಸ್ಮಿಕವೆಂದೂ ಇಲಾಖೆ ಸ್ಪಷ್ಟೀಕರಣ ಹೊರಡಿಸಿತು. ಬೆನ್ನಿಗೇ ಒಂದು ಸುತ್ತೋಲೆ ಬಂತು: ಮಾರಿದ ಮದ್ಯಕ್ಕೂ ಮಾರದ ಮದ್ಯಕ್ಕೂ ಭೇದಭಾವ ಮಾಡುವುದು ಸಮಾನತೆಯ ತತ್ವಕ್ಕೆ ವಿರುದ್ಧವಾದ್ದರಿಂದ, ಇನ್ನು ಮುಂದೆ ನಿರಾಕರಿಸಲ್ಪಟ್ಟ ಗಿರಾಕಿಯು ತನಗೆ ಸಿಗದ ಮದ್ಯದ ಮೇಲಿನ ಸುಂಕವನ್ನು ಅಲ್ಲೇ ಕಟ್ಟತಕ್ಕದ್ದು. ಜನ ಸ್ವಲ್ಪ ಗೊಣಗಿದರು. ಆಗ ಬ್ಯಾಂಕಿನ ಕಾವಲುಗಾರ, ಮೊದಲೆಲ್ಲ ಕುಡಿದ ದಿನ ಸುಂಕದ ಜೊತೆಗೆ ಚಪ್ಪಲಿಯನ್ನೂ ಕಳೆದುಕೊಳ್ಳುತ್ತಿದ್ದೆ, ಈಗ ಚಪ್ಪಲಿ ಉಳಿಯುತ್ತಿದೆ ಎಂದ. ಅದು ಹೌದಲ್ಲ ಎಂದು ಎಲ್ಲರೂ ಕಟ್ಟಿದರು. ಇಲಾಖೆಯ ವರಮಾನ ಮೊದಲಿಗಿಂತ ಹೆಚ್ಚಾಯಿತು.

ನಿಜವಾಗಿ ಮುಳುಗಿದವನು ಸೋಡಾ ಸಾಹುಕಾರ. ಬಾರಿನ ಕುರ್ಚಿಗಳ ಮೇಲೆ ಧೂಳು ಕೂತಿತು. ಅವನು ತಾನೂ ಮಾರದಿರುವ ಸನ್ನದು ಪಡೆಯಲು ಹೋದ. ಮಾರುವ ಸನ್ನದಿದ್ದವರು ಮಾರದಿರುವಂತಿಲ್ಲ, ಯಾರೂ ಕೊಳ್ಳದಿದ್ದರೂ ನೀವು ಮಾರುತ್ತಲೇ ಇರಬೇಕು ಎಂದು ಕಚೇರಿಯವರು ವಾಪಸು ಕಳಿಸಿದರು. ಅವನು ಒಂದು ಮಧ್ಯಾಹ್ನ ಗುಂಡಿಯಕ್ಕನ ಅಂಗಡಿಗೆ ಬಂದು ಮೇಜಿಗೊರಗಿ ನಿಂತ. ನಿರಾಕರಿಸಿಕೊಳ್ಳಲು ಬಂದಿರಬಹುದೆಂದು ಅವಳು ಅಳತೆ ತೆಗೆಯಲು ಹೊರಟಳು.

"ನನಗೆ ಬೇಡ ಅಕ್ಕ," ಎಂದ. "ನಾನು ಕುಡಿಯೋನಲ್ಲ, ನಿಮಗೆ ಗೊತ್ತು. ಬಾರಲ್ಲಿ ಒಬ್ಬನೇ ಕೂತು ಸೋಡಾ ಕುಡೀತಿದ್ದೆ, ತಡೆಯೋಕಾಗಲಿಲ್ಲ. ಇಲ್ಲಿ ಜನ ಇದ್ದಾರಲ್ಲ ಅಂತ ಬಂದೆ."

ಗುಂಡಿಯಕ್ಕ ಅಳತೆ ತೆಗೆಯುವುದನ್ನು ಬಿಟ್ಟಳು. ಅವನ ಬಾರನ್ನು ಅವಳು ಎಷ್ಟು ಶಪಿಸಿದ್ದಳೋ ಲೆಕ್ಕವಿಲ್ಲ, ಆದರೆ ಅದರೊಳಗೆ ಎಂದೂ ಕಾಲಿಟ್ಟಿರಲಿಲ್ಲ. ಅಂದು ಅವನ ಜೊತೆ ರಸ್ತೆ ದಾಟಿ ಹೋಗಿ ನೋಡಿದಳು. ವಿಶಾಲವಾದ ಜಾಗ. ಪ್ರತಿ ಮೇಜಿನ ಮೇಲೂ ತೂಗುವ ದೀಪ. ಗೋಡೆಯಲ್ಲಿ ಬಾಟಲಿ ನಿಲ್ಲಿಸಲು ಮಾಡಿಸಿದ್ದ ಸಣ್ಣ ಸಣ್ಣ ಗೂಡುಗಳಲ್ಲಿ ಹೆಚ್ಚಿನವು, ಹೊಸ ಸರಕು ತರಿಸದೆ, ಖಾಲಿಯಿದ್ದವು. ಒಂದೊಂದು ಗೂಡೂ ಒಂದೊಂದು ಗುಂಡಿ ಡಬ್ಬಿಗೆ ಅಳೆದು ಮಾಡಿಸಿದಂತಿತ್ತು. ಅವಳು ಗೂಡಿನೊಳಗೆ ಕೈ ಇಟ್ಟು ನೋಡಿ ಗಂಡನನ್ನು ಕೂಗಿ ಕರೆದಳು.

ಹೀಗೆ ಗುಂಡಿಗಳು ಬಾರಿಗೆ ಹೋದವು. ಟೈಲರಣ್ಣನ ಮೆಷಿನ್ನೂ ಹೋಯಿತು. ಇದಕ್ಕೆ ಕಾನೂನಿನಲ್ಲಿ ಅವಕಾಶವಿದೆಯೇ ಎಂದು ಇನ್ಸ್‌ಪೆಕ್ಟರು ಬಹಳ ಹುಡುಕಿದರು. ಬಾರಿನಲ್ಲಿ ಮದ್ಯದ ಜೊತೆ ನಂಜಿಕೊಳ್ಳಲು ಏನಾದರೂ ಇಡಬಹುದೆಂದಿತ್ತು, ಅದು ತಿನ್ನುವ ವಸ್ತುವೇ ಆಗಿರಬೇಕೆಂದು ಎಲ್ಲೂ ಬರೆದಿರಲಿಲ್ಲ. ಗುಂಡಿಗಳು ಆ ಕಲಮಿನಡಿ ಬಂದವು. ಸೋಡಾ ಸಾಹುಕಾರ ಸೂಜಿಗೆ ದಾರ ಪೋಣಿಸಲು ಕಲಿತ. ಬಾಟಲಿ ಹಿಡಿದು ಹಿಡಿದು ಅವನ ಕೈ ಅಲುಗದಷ್ಟು ಪಳಗಿತ್ತು, ಒಂದೇ ಸಲಕ್ಕೆ ಪೋಣಿಸುತ್ತಿದ್ದ. ಮರ್ಯಾದಸ್ಥ ಹೆಂಗಸರು ಬಾರಿನೊಳಗೆ ಕೂತು ಜಾಕೀಟಿಗೆ ಹುಕ್ಕು ಹಾಕಿಸಿಕೊಂಡು ಸೋಡಾ ಕುಡಿದು ಮನೆಗೆ ಹೋದರು.

ವರ್ಷ ತುಂಬಿದಾಗ ಇಲಾಖೆ ಅತ್ಯುತ್ತಮ ಮಾರದಿರುವ ಸನ್ನದುದಾರರೆಂದು ಗುಂಡಿಯಕ್ಕನಿಗೆ ಪ್ರಶಸ್ತಿ ಘೋಷಿಸಿತು. ಬೀದಿಯಲ್ಲಿ ಬೇರೆ ದೊಡ್ಡ ಜಾಗವಿಲ್ಲದ್ದರಿಂದ ಸಮಾರಂಭ ಬಾರಿನಲ್ಲೇ ನಡೆಯಿತು. ಇಲಾಖೆಯ ಮುಖ್ಯಾಧಿಕಾರಿಗಳು ಹೆಂಡತಿಯೊಡನೆ ಬಂದರು. ಭಾಷಣದಲ್ಲಿ ಅವರು, ಈ ಮಹಿಳೆ ಮಾರದ ಮದ್ಯವನ್ನು ಒಂದು ಕಡೆ ಸುರಿದರೆ ಒಂದು ಕೆರೆಯಾಗುತ್ತಿತ್ತು, ಇಲಾಖೆಯ ಇತಿಹಾಸದಲ್ಲಿ ಇಷ್ಟು ಪ್ರಮಾಣದ ಮದ್ಯವನ್ನು ಯಾರೂ ಯಾರಿಗೂ ಕೊಡದೆ ಇದ್ದ ಉದಾಹರಣೆಯಿಲ್ಲ ಎಂದರು. ಬರುವ ವರ್ಷದಿಂದ ಔಷಧಿ ಮಾರದಿರುವುದಕ್ಕೂ, ಪೆಟ್ರೋಲು ಮಾರದಿರುವುದಕ್ಕೂ ಸಂಬಂಧಪಟ್ಟ ಇಲಾಖೆಗಳು ಇದೇ ಮಾದರಿ ಅನುಸರಿಸಲಿವೆ ಎಂದು ಪ್ರಕಟಿಸಿದರು. ಚಪ್ಪಾಳೆ ಬಿತ್ತು. ಟೈಲರಣ್ಣ ಎಲ್ಲರಿಗಿಂತ ಹೆಚ್ಚು ಹೊತ್ತು ತಟ್ಟಿದ.

ಸಭೆ ಮುಗಿದ ಮೇಲೆ ಮುಖ್ಯಾಧಿಕಾರಿಗಳು ಹೊರಡಲಿಲ್ಲ. ಗುಂಡಿಯಕ್ಕನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ತಮಗೂ ಒಂದು ಆಗಬಹುದೇ ಎಂದರು. ಇಲ್ಲಿ ಆಗದು ಸಾರ್, ಸನ್ನದು ಇರುವುದು ಆ ಕಡೆಯ ಅಂಗಡಿಗೆ ಎಂದಳು ಅವಳು. ಅವರು ತಲೆದೂಗಿ ಅವಳ ಹಿಂದೆ ರಸ್ತೆ ದಾಟಿದರು. ಗುಂಡಿಯಕ್ಕ ಅವರ ಹೆಂಡತಿಯನ್ನು ಪಕ್ಕಕ್ಕೆ ಕರೆದು ಅಳತೆ ತೆಗೆದುಕೊಂಡಳು. ಅಳತೆ ತೆಗೆಯಲು ಬಹಳ ಹೊತ್ತು ಹಿಡಿಯಿತು. ಆಮೇಲೆ ಮೇಜಿನ ಹಿಂದೆ ಹೋಗಿ ನಿಂತು, ಅವರು ಕೇಳಿದ್ದನ್ನು ಕೊಡುವುದಿಲ್ಲವೆಂದೂ, ಯಾಕೆ ಕೊಡುವುದಿಲ್ಲವೆಂದೂ ಮೆಲ್ಲನೆ ಹೇಳಿದಳು. ಏನು ಹೇಳಿದಳೆಂದು ಹೊರಗಿನವರಿಗೆ ಕೇಳಿಸಲಿಲ್ಲ. ಮುಖ್ಯಾಧಿಕಾರಿಗಳು ಕರವಸ್ತ್ರ ತೆಗೆದರು, ಸುಂಕ ಕಟ್ಟಿದರು, ಚೀಟಿಯನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಹೆಂಡತಿಯ ಕೈ ಹಿಡಿದು ಕಾರು ಹತ್ತಿದರು.

ಅವರ ಹಿಂದೆ ಇನ್ಸ್‌ಪೆಕ್ಟರು ನಿಂತಿದ್ದರು. ಇನ್ಸ್‌ಪೆಕ್ಟರ ಹಿಂದೆ ಕಚೇರಿಯವರು, ಕಚೇರಿಯವರ ಹಿಂದೆ ಸಭೆಗೆ ಬಂದ ಜನ. ಸಾಲು ಬೆಳೆದು ರಸ್ತೆಗೆ ಅಡ್ಡವಾಯಿತು, ಬಸ್ಸುಗಳು ನಿಂತವು. ಸಂಚಾರಿ ಪೊಲೀಸಿನವನು ಬಂದು ಸೀಟಿ ಊದಿ ಸಾಲನ್ನು ಎಡಕ್ಕೆ ತಿರುಗಿಸಿದ. ಬಸ್ಸುಗಳು ಹೋಗಲು ದಾರಿಯಾದ ಮೇಲೆ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡು, ಕೊನೆಯಲ್ಲಿ ಯಾರೆಂದು ವಿಚಾರಿಸಿ, ಅವರ ಹಿಂದೆ ನಿಂತುಕೊಂಡ.